ಮೂರು ಕಡೆ ಸಾಲ, ತಿಂಗಳಿಗೆ ಉಳಿಯೋದು 10,000. ಮೊದಲು ಯಾವುದು ತೀರಿಸಲಿ?

ಪ್ರಶ್ನೆ (ಹೊಳೆದಂಡೆ): ಕೈಗೆ ಬರುವ ಸಂಬಳ 32,000. ಬಾಡಿಗೆ, ದಿನಸಿ, ಸ್ಕೂಲ್ ಫೀಸು ಕಳೆದು 10,000 ಉಳಿಯುತ್ತೆ. ಕ್ರೆಡಿಟ್ ಕಾರ್ಡ್ ಬಾಕಿ 60,000, ಬಡ್ಡಿ ತಿಂಗಳಿಗೆ ಶೇ. 3.5. ಒಡವೆ ಸಾಲ 80,000, ವರ್ಷಕ್ಕೆ ಶೇ. 12. ಸ್ನೇಹಿತರ ಹತ್ತಿರ ಕೈಸಾಲ 40,000, ಬಡ್ಡಿ ಇಲ್ಲ. ಮೂರಕ್ಕೂ ಸ್ವಲ್ಪ ಸ್ವಲ್ಪ ಕಟ್ಟಿದರೂ ಕಾರ್ಡಿನ ಬಾಕಿ ಕರಗುತ್ತಲೇ ಇಲ್ಲ. ಆ್ಯಪ್‌ನಲ್ಲಿ ಲೋನ್ ತೆಗೆದು ಒಂದೇ ಸಲ ಮುಗಿಸಿಬಿಡಲೇ?

ಲೆಕ್ಕಪತ್ರ: ಆ್ಯಪ್ ಲೋನ್ ದಯವಿಟ್ಟು ಬೇಡ ಸರ್. ಕಾರ್ಡ್ ಯಾಕೆ ಕರಗುತ್ತಿಲ್ಲ ನೋಡಿ. 60,000ಕ್ಕೆ ತಿಂಗಳ ಬಡ್ಡಿ 2,100, ಅದರ ಮೇಲೆ ಶೇ. 18 ಜಿಎಸ್‌ಟಿ 378. ಒಟ್ಟು 2,478. ಮಿನಿಮಮ್ ಶೇ. 5 ಅಂದರೆ 3,000 ಕಟ್ಟಿದರೆ ಅಸಲಿಗೆ ಹೋಗೋದು ಬರೀ 522. ಪೂರ್ತಿ ಬಿಲ್ ಕಟ್ಟದೆ ಇದ್ದಾಗ ಹೊಸ ಖರೀದಿಗೂ ಮೊದಲ ದಿನದಿಂದಲೇ ಬಡ್ಡಿ ಬೀಳುತ್ತೆ. ಹಾಗಾಗಿ ಇವತ್ತು ಮಾಡಬೇಕಾದ್ದು ಒಂದೇ ಕೆಲಸ: ಕಾರ್ಡನ್ನು ಫೋನ್‌ನ ಎಲ್ಲಾ ಆ್ಯಪ್‌ಗಳಿಂದ ತೆಗೆದುಹಾಕಿ. ಮಿಕ್ಕಿದ್ದು ಸಂಬಳದ ದಿನಕ್ಕೆ ಇರಲಿ.

ಆಮೇಲೆ 10,000ದಲ್ಲಿ ಒಡವೆ ಬಡ್ಡಿಗೆ 800, ಸ್ನೇಹಿತರಿಗೆ 1,000, ಆಪತ್ತಿಗೆ ಬೇರೆ ಖಾತೆಯಲ್ಲಿ 1,000, ಕಾರ್ಡಿಗೆ 7,200. ಮೊದಲ ತಿಂಗಳೇ ಬಾಕಿ 55,278ಕ್ಕೆ ಇಳಿಯುತ್ತೆ, ಹನ್ನೊಂದನೇ ತಿಂಗಳಿಗೆ ಕಾರ್ಡ್ ಚುಕ್ತಾ. ಮಿನಿಮಮ್‌ಗೆ ಆಟೋ ಪೇ ಹಾಕಿಡಿ, ಮರೆತರೂ ಲೇಟ್ ಫೀ ಬೀಳಲ್ಲ. ಉಳಿದದ್ದನ್ನು ಸಂಬಳ ಬಂದ ದಿನವೇ ನೀವೇ ಕಟ್ಟಿ, ತಿಂಗಳ ಕೊನೆಗೆ ಅಂತ ಇಟ್ಟರೆ ಆ ದುಡ್ಡು ಉಳಿಯಲ್ಲ.

ಸುಮತಿ_ಹಾಸನ: ಆಪತ್ತಿನ 1,000 ಬಿಡಬೇಡಿ. ಜ್ವರವೋ ಗಾಡಿ ರಿಪೇರಿಯೋ ಬಂದಾಗ ಮತ್ತೆ ಕಾರ್ಡ್ ಉಜ್ಜೋದರಿಂದಲೇ ಎಷ್ಟೋ ಜನರ ಯೋಜನೆ ಮೂರನೇ ತಿಂಗಳಿಗೆ ಕುಸಿಯುತ್ತೆ.

ಒಡವೆ ಸಾಲದ ಅವಧಿ ಮುಗಿಯುವ ದಿನ ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿ, ದಾಟಿದರೆ ಹರಾಜಿನ ನೋಟಿಸ್ ಬರುತ್ತೆ. ರಿನ್ಯೂ ಮಾಡಿಸುವಾಗ ಬಳೆಗೊಂದು, ಸರಕ್ಕೊಂದು ಅಂತ ಬೇರೆ ಬೇರೆ ಸಾಲವಾಗಿ ಬರೆಸಲು ಆಗುತ್ತಾ ಕೇಳಿ. ಹಾಗೆ ಬರೆಸಲು ಆದರೆ, ಕಾರ್ಡ್ ಮುಗಿದ ಮೇಲೆ ಒಂದೊಂದೇ ಬಿಡಿಸಿಕೊಳ್ಳಬಹುದು. ಸ್ನೇಹಿತರಿಗೆ ಈಗಲೇ ಫೋನ್ ಮಾಡಿ, "ತಿಂಗಳಿಗೆ 1,000, ಮುಂದಿನ ವರ್ಷದಿಂದ ಜಾಸ್ತಿ" ಅಂತ ಹೇಳಿಬಿಡಿ. ಸಾಲಕ್ಕಿಂತ ಮೌನವೇ ಸ್ನೇಹ ಕೆಡಿಸೋದು.

ಹೊಳೆದಂಡೆ: ಕಾರ್ಡ್‌ನವರು "ಸೆಟಲ್‌ಮೆಂಟ್ ಮಾಡ್ಕೊಳ್ಳಿ", ಅಂದ್ರೆ ಬಾಕಿಗಿಂತ ಕಡಿಮೆ ಕಟ್ಟಿ ಮುಗಿಸಿಬಿಡಿ, ಅಂತಿದ್ದಾರೆ. ಒಪ್ಪಲೇ?

ಲೆಕ್ಕಪತ್ರ: ಕಟ್ಟುವ ಶಕ್ತಿ ಇರುವಾಗ ಬೇಡ. ಸಾಲ ಕಟ್ಟಿದ ಇತಿಹಾಸ ತೋರಿಸುವ ಸಿಬಿಲ್ ವರದಿಯಲ್ಲಿ "ಕ್ಲೋಸ್ಡ್" ಬದಲು "ಸೆಟಲ್ಡ್" ಅಂತ ಉಳಿದು, ಮುಂದೆ ಮನೆ ಸಾಲಕ್ಕೆ ಅಡ್ಡ ಬರುತ್ತೆ. ಬಾಕಿಯನ್ನು ಇಎಂಐ ಮಾಡಿಕೊಡ್ತೀರಾ ಅಂತ ಕೇಳಿ. ಬಡ್ಡಿ, ಪ್ರೊಸೆಸಿಂಗ್ ಫೀ, ಜಿಎಸ್‌ಟಿ ಮೂರನ್ನೂ ಕೂಡಿಸಿ ನೋಡಿ, ಈಗಿನದಕ್ಕಿಂತ ಕಡಿಮೆ ಬಂದರೆ ಮಾತ್ರ ಒಪ್ಪಿ. ವಸೂಲಿಯವರು ಬೆಳಿಗ್ಗೆ 8ಕ್ಕೆ ಮುಂಚೆ, ಸಂಜೆ 7ರ ಮೇಲೆ ಫೋನ್ ಮಾಡುವಂತಿಲ್ಲ. ಮಾಡಿದರೆ ಬ್ಯಾಂಕಿಗೆ ಬರಹದಲ್ಲಿ ದೂರು ಕೊಡಿ. 30 ದಿನದಲ್ಲಿ ಉತ್ತರ ಬಾರದಿದ್ದರೆ ಬ್ಯಾಂಕ್ ಮೇಲಿನ ದೂರು ವಿಚಾರಿಸುವ ಆರ್‌ಬಿಐ ಓಂಬುಡ್ಸ್‌ಮನ್‌ಗೆ ಹೋಗಬಹುದು, ಮಾಹಿತಿಗೆ 14448.