ಪಡಸಾಲಿ ಟಿವಿಗೆ ಓಟಿಟಿ, ಗೇಮ್ ಎರಡಕ್ಕೂ ಒಂದೇ ಬಾಕ್ಸ್ ಸಾಕಾಗ್ತದೇನ್ರಿ?

ತೊಗರಿ_ಪ್ಲೇಯರ್, ಕಲಬುರಗಿ

ಎಲ್ಲರಿಗೂ ನಮಸ್ಕಾರ್ರಿ. 55 ಇಂಚಿನ 4ಕೆ ಟಿವಿ ಅದ, 60 ಹರ್ಟ್ಸ್ (ಸೆಕೆಂಡಿಗೆ 60 ಸಲ ಚಿತ್ರ ಬದಲಿಸೋ) ಪ್ಯಾನೆಲ್. ಎಚ್‌ಡಿಎಂಐ ಮೂರು ಅವ, ಅದರಾಗ ಒಂದು ಎಆರ್‌ಸಿ (ಟಿವಿಯ ಆವಾಜ್ ಹೊರಗ ಕಳಸೋ ಪೋರ್ಟ್), ಅದಕ್ಕ ಸೌಂಡ್‌ಬಾರ್ ಹಾಕೀನಿ. ಟಿವಿ ಒಳಗಿನ ಸಾಫ್ಟ್‌ವೇರ್ ಹಳೇದಾಗಿ ಒಂದು ಆ್ಯಪ್ ತೆರಿಲಿಕ್ಕೆ ಅರ್ಧ ನಿಮಿಷ ತಗೋತದ. ಫೈಬರ್ 100 ಎಂಬಿಪಿಎಸ್. ರೌಟರ್ ಮುಂದಿನ ಖೋಲಿಯೊಳಗ, ನಡುವ ಒಂದೂವರಿ ಫೂಟಿನ ಕಲ್ಲಿನ ಗೋಡಿ.

ಅವ್ವಗ ಸೀರಿಯಲ್ ಮತ್ತ ಕ್ರಿಕೆಟ್, ಹುಡುಗರಿಗೆ ಫುಟ್‌ಬಾಲ್ ಮತ್ತ ಕಾರ್ ರೇಸ್ ಗೇಮ್. ಎಲ್ಲಾ ಸೇರಿ ₹50,000 ತನಕ ಹಾಕಬಲ್ಲೆ. ಎನ್‌ವಿಡಿಯಾ ಶೀಲ್ಡ್ ಪ್ರೊ, ಆಪಲ್ ಟಿವಿ 4ಕೆ, ಫೈರ್ ಟಿವಿ ಸ್ಟಿಕ್ 4ಕೆ, ಎಕ್ಸ್‌ಬಾಕ್ಸ್ ಸೀರೀಸ್ ಎಸ್, ಪಿಎಸ್5, ಇಷ್ಟು ನೋಡಿಟ್ಟೀನಿ. ಮಾರ್ಕೆಟ್‌ದಾಗ ₹2,500ಕ್ಕ ‘8ಕೆ ಆ್ಯಂಡ್ರಾಯ್ಡ್ ಬಾಕ್ಸ್, 10,000 ಗೇಮ್ ಫ್ರೀ’ ಅಂತನೂ ಕೊಡ್ತಾರ. ಒಂದೇ ಡಬ್ಬಿಯೊಳಗ ಎಲ್ಲಾ ಮುಗಿತದೇನು? ಕರೆಂಟ್ ಹೋಗಿ ಬರೋದು, ಮೇ ತಿಂಗಳ ಬಿಸಲು, ಧೂಳು ಇವನ್ನೂ ಲೆಕ್ಕಕ್ಕ ಹಿಡಿದು ಹೇಳ್ರಿ.

ಬಿದರಿ_ಕಪ್ಪು, ಬೀದರ

ಒಂದರಾಗ ಎರಡೂ ಹುಡುಕಬ್ಯಾಡ್ರಿ. ಅವ್ವಗ ಒಂದು ಸ್ಟಿಕ್, ಹುಡುಗರಿಗೆ ಒಂದು ಕನ್ಸೋಲ್ (ಎಕ್ಸ್‌ಬಾಕ್ಸ್, ಪಿಎಸ್5 ಥರದ ಗೇಮ್ ಡಬ್ಬಿ). ನಿಮ್ಮ ಬಜೆಟ್‌ನಾಗ ಎರಡೂ ಕೂಡ್ತಾವ.

ಮೊದಲ ಆ ₹2,500ರ ಬಾಕ್ಸ್ ತಲಿಯಿಂದ ತೆಗೀರಿ. ಓಟಿಟಿ ಆ್ಯಪ್ ಎಚ್‌ಡಿ ಕೊಡಬೇಕಂದ್ರ ಬಾಕ್ಸ್‌ಗೆ ವೈಡ್‌ವೈನ್ (ವಿಡಿಯೊ ಕಳ್ಳಕಾಪಿ ತಡಿಯೋ ಗೂಗಲ್‌ನ ಬೀಗ) ಎಲ್1 ಮಟ್ಟದ್ದು ಇರಬೇಕು. ಇಂಥಾ ಹೆಸರಿಲ್ಲದ ಬಾಕ್ಸ್‌ಗಳೊಳಗ ಸಾಮಾನ್ಯ ಎಲ್3 ಇರ್ತದ, ಅಂದ್ರ 4ಕೆ ಟಿವಿ ಮ್ಯಾಲ 480ಪಿ ಚಿತ್ರ. ನಂಬಿಕಿ ಇಲ್ಲಂದ್ರ ದುಕಾನದಾಗೇ ‘ಡಿಆರ್‌ಎಂ ಇನ್ಫೊ’ ಆ್ಯಪ್ ಹಾಕಿಸಿ ‘ಸೆಕ್ಯೂರಿಟಿ ಲೆವೆಲ್’ ಅನ್ನೋ ಸಾಲು ಓದ್ರಿ. ಎಲ್1 ಇದ್ದರೂ ನೆಟ್‌ಫ್ಲಿಕ್ಸ್ ತನ್ನ ಸರ್ಟಿಫಿಕೇಟ್ ಬ್ಯಾರೆ ಕೇಳ್ತದ. ಇನ್ನೊಂದು, ಟಿ95 ಹೆಸರಿನ ಬಾಕ್ಸ್‌ನೊಳಗ ಮೊದಲಿಂದನ ಮಾಲ್‌ವೇರ್ ಕೂತಿದ್ದು 2023ರಾಗ ಬಯಲಾತು. ಅದು ಫರ್ಮ್‌ವೇರ್‌ನಾಗ (ಬಾಕ್ಸ್‌ನ ಮೂಲ ಸಾಫ್ಟ್‌ವೇರ್‌ನಾಗ) ಇರೋದರಿಂದ ಫ್ಯಾಕ್ಟರಿ ರಿಸೆಟ್‌ಗೆ ಹೋಗಂಗಿಲ್ಲ. ಮನಿ ಮಂದಿ ಫೋನ್ ಎಲ್ಲಾ ಇರೋ ವೈಫೈಗೆ ಅಂಥಾದ್ದನ್ನ ಯಾಕ ಸೇರಿಸ್ತೀರಿ? ಆ 10,000 ಗೇಮ್ ಅಂದ್ರ ಮೂವತ್ತು ವರ್ಷದ ಹಿಂದಿನ ಆಟಗಳ ಕಾಪಿ.

ಶೀಲ್ಡ್ ಪ್ರೊ ಒಳ್ಳೇ ಮಾಲು, ಆದ್ರ ಅದು 2019ರ ಮಾಡೆಲ್. 3 ಜಿಬಿ ರ‍್ಯಾಮ್, 16 ಜಿಬಿ ಸ್ಟೋರೇಜ್, ಎವಿ1 (ಹೊಸ ವಿಡಿಯೊ ಫಾರ್ಮ್ಯಾಟ್) ಡಿಕೋಡಿಂಗ್ ಇಲ್ಲ. ಇಲ್ಲಿ ಕಂಪನಿ ಅಧಿಕೃತವಾಗಿ ಮಾರಂಗಿಲ್ಲ, ಹೊರಗಿಂದ ತರಿಸಿದ್ದಕ್ಕ ವಾರಂಟಿ ಸಿಗಂಗಿಲ್ಲ. ಹಾರ್ಡ್‌ಡಿಸ್ಕ್ ತುಂಬ ಬ್ಲೂರೇ ಫೈಲ್ ಇಟ್ಟು, ಎವಿ ರಿಸೀವರ್‌ಗೆ ಟ್ರೂಎಚ್‌ಡಿ (ಡಾಲ್ಬಿಯ ಗುಣಮಟ್ಟ ಕಳೀದ) ಆಡಿಯೊ ಹಂಗೇ ಕಳಸಬೇಕು ಅನ್ನೋರಿಗೆ ಇವತ್ತಿಗೂ ಅದೇ ಬೇಕು. ನಿಮಗ ಬ್ಯಾಡ. ಹುಡುಗರ ಫುಟ್‌ಬಾಲ್ ಗೇಮ್ ಅದರಾಗ ನೇರ ಓಡಂಗಿಲ್ಲ, ಕ್ಲೌಡ್ ಇಲ್ಲಾ ಪಿಸಿಯಿಂದ ತರಿಸ್ಕೋಬೇಕು.

ಆಪಲ್ ಟಿವಿ 4ಕೆ 2022ರ ಮಾಡೆಲ್‌ನಾಗ ಎ15 ಚಿಪ್ ಅದ, ಈ ಪಟ್ಟಿಯಲ್ಲಿ ಮೆನು ಅಷ್ಟು ಸಲೀಸಾಗಿ ಹರಿಯೋ ಬಾಕ್ಸ್ ಇನ್ನೊಂದಿಲ್ಲ. 64 ಜಿಬಿದಕ್ಕ ಲ್ಯಾನ್ ಪೋರ್ಟ್ ಇಲ್ಲ, 128 ಜಿಬಿದಕ್ಕ ಅದ. ಗೇಮ್ ಮಾತ್ರ ಫೋನ್ ಮಟ್ಟದ್ದು. ಮನಿಯೊಳಗ ಎಲ್ಲಾರ ಕೈಯಾಗ ಐಫೋನ್ ಇದ್ದರ ವಿಚಾರ ಮಾಡ್ರಿ.

ಹಂಗಾಗಿ ಫೈರ್ ಸ್ಟಿಕ್ 4ಕೆ. 2 ಜಿಬಿ ರ‍್ಯಾಮ್, 8 ಜಿಬಿ ಸ್ಟೋರೇಜ್. ಆರೇಳು ಆ್ಯಪ್‌ಗೆ ಸಾಕು, ಸಿಕ್ಕಿದ್ದೆಲ್ಲಾ ತುಂಬಬ್ಯಾಡ್ರಿ. ಖರೀದಿ ಮಾಡುವಾಗ ಓಎಸ್ ಹೆಸರು ನೋಡ್ರಿ. ಹೊಸ ‘ವೇಗಾ’ ಓಎಸ್ ಇರೋ ಸ್ಟಿಕ್‌ನಾಗ ಆ್ಯಂಡ್ರಾಯ್ಡ್ ಎಪಿಕೆ (ಸ್ಟೋರ್ ಹೊರಗಿಂದ ಹಾಕೋ ಆ್ಯಪ್ ಫೈಲ್) ನಡೆಯಂಗಿಲ್ಲ. ಎಲ್ಲಾರೂ ಮಾಡೋ ತಪ್ಪು ಅಂದ್ರ ಸ್ಟಿಕ್‌ನ ವಾಯರ್ ಟಿವಿಯ ಯುಎಸ್‌ಬಿಗೆ ಸಿಗಸೋದು. ಟಿವಿಯ ಯುಎಸ್‌ಬಿ ಬಹಳಷ್ಟು ಸಲ ಅರ್ಧ ಆಂಪಿಯರ್ ಅಷ್ಟೇ ಕೊಡ್ತದ, ಸ್ಟಿಕ್‌ಗೆ 5 ವೋಲ್ಟ್ 1 ಆಂಪಿಯರ್ ಬೇಕು. 4ಕೆ ಶುರುವಾದ ಕೂಡ್ಲೆ ರೀಸ್ಟಾರ್ಟ್ ಆಗ್ತದ, ಆಮ್ಯಾಲ ‘ಸ್ಟಿಕ್ ಕೆಟ್ಟದ’ ಅಂತ ದುಕಾನಕ್ಕ ಒಯ್ತಾರ. ಡಬ್ಬಿಯೊಳಗಿನ ಅಡಾಪ್ಟರ್‌ನ ಹಾಕ್ರಿ. ಜೊತಿಗಿ ಬರೋ ಗೇಣುದ್ದದ ಎಚ್‌ಡಿಎಂಐ ತುಂಡನ್ನೂ ಬಿಡಬ್ಯಾಡ್ರಿ, ಸ್ಟಿಕ್ ಟಿವಿ ಬೆನ್ನಿನ ಕಾವಿನಿಂದ ದೂರ ಇರ್ತದ, ವೈಫೈನೂ ಸುಧಾರಿಸ್ತದ.

ಕನ್ಸೋಲ್‌ಗೆ ಬರೋಣು. ನಿಮ್ಮದು 60 ಹರ್ಟ್ಸ್ ಪ್ಯಾನೆಲ್, ಹಂಗಾಗಿ ‘120 ಎಫ್‌ಪಿಎಸ್’ ಜಾಹೀರಾತಿಗೆ ರೊಕ್ಕ ಕೊಡಬ್ಯಾಡ್ರಿ. ಪಿಎಸ್5 ಸ್ಲಿಮ್ 2024ರ ಏಪ್ರಿಲ್‌ನಾಗ ಇಲ್ಲಿ ಬಂದಾಗ ಡಿಸ್ಕಿಂದು ₹54,990, ಡಿಜಿಟಲ್ ₹44,990. ಸೀರೀಸ್ ಎಸ್ 2020ರ ನವೆಂಬರ್‌ನಾಗ ₹34,990ಕ್ಕ ಬಂತು, ಆಮ್ಯಾಲ ಬೆಲಿ ಏರ‍್ಯಾದ. ನಿಮ್ಮ ರೊಕ್ಕಕ್ಕ ಸ್ಟಿಕ್ ಜೊತಿ ಸೀರೀಸ್ ಎಸ್ ಹೊಂದ್ತದ. ಅದರ ಕೊರತಿ ಜಾಗ: 512 ಜಿಬಿ ಅಂದದ್ದರಾಗ ನಿಮ್ಮ ಕೈಗೆ ಸಿಗೋದು 364 ಜಿಬಿ. ದೊಡ್ಡ ಗೇಮ್ ಮೂರೋ ನಾಕೋ ಹಾಕಿದರ ತುಂಬ್ತದ. ಹೊರಗಿನ ಯುಎಸ್‌ಬಿ ಎಸ್‌ಎಸ್‌ಡಿಯೊಳಗ ಹೊಸ ಗೇಮ್ ಇಡಬಹುದು, ಆಡಬೇಕಂದ್ರ ಮತ್ತ ಒಳಗ ತರಬೇಕು. ಎಕ್ಸ್‌ಬಾಕ್ಸ್ ಒನ್ ಕಾಲದ ಗೇಮ್ ಮಾತ್ರ ಹೊರಗಿಂದನ ಓಡ್ತಾವ. ಡಿಸ್ಕ್ ತಟ್ಟಿನೂ ಇಲ್ಲ, ಹಂಗಾಗಿ ಸೆಕೆಂಡ್ ಹ್ಯಾಂಡ್ ಡಿಸ್ಕ್ ತಂದು ಆಡಿ ಮಾರೋ ದಾರಿ ಬಂದ್. ಹೈದರಾಬಾದ್‌ಗೆ ಹೋಗಿ ಬಂದು ಅಂಥಾ ಡಿಸ್ಕ್ ತರೋರಿಗೆ ಡಿಸ್ಕಿನ ಪಿಎಸ್5 ಲೆಕ್ಕಾಚಾರ ಮುಂದಿನ ದಿನದಾಗ ಸರಿ ಬೀಳ್ತದ.

ಭೀಮಾ_ದಂಡಿ, ಯಾದಗಿರಿ

ಮ್ಯಾಲಿನ ಅಣ್ಣಾರ ಮಾತು ಸರಿ ಅದ, ಆದ್ರ ಡಬ್ಬಿಗಿಂತ ಮೊದಲ ವಾಯರ್ ಬಗ್ಗೆ ಹೇಳಬೇಕಿತ್ತು. ಒಂದೂವರಿ ಫೂಟ್ ಕಲ್ಲಿನ ಗೋಡಿ ದಾಟಿ 5 ಗಿಗಾಹರ್ಟ್ಸ್ ವೈಫೈ ಬಂದರೂ ಸತ್ತಂಗ ಬರ್ತದ. ಆಗ ಡಬ್ಬಿ 2.4 ಗಿಗಾಹರ್ಟ್ಸ್‌ನ ನಿಧಾನದ ವೈಫೈಗೆ ಇಳೀತದ. ಸ್ಟ್ರೀಮಿಂಗ್‌ಗೆ ನಡೀತದ, ನೆಟ್‌ಫ್ಲಿಕ್ಸ್ 4ಕೆಗೆ ಕೇಳೋದೇ 15 ಎಂಬಿಪಿಎಸ್. ಗೇಮ್‌ಗೆ ನಡಿಯಂಗಿಲ್ಲ. ಲೆಕ್ಕ ಹಾಕ್ರಿ: 100 ಜಿಬಿ ಗೇಮ್ 100 ಎಂಬಿಪಿಎಸ್‌ಗೆ ಎರಡೂ ಕಾಲು ತಾಸು, 30 ಎಂಬಿಪಿಎಸ್ ಬಂದರ ಏಳೂವರಿ ತಾಸು.

ಅದಕ್ಕ ರೌಟರ್‌ನಿಂದ ಟಿವಿ ತನಕ ಕ್ಯಾಟ್6 ಕೇಬಲ್ ಎಳೀರಿ. ಅಗ್ಗದ ಕೇಬಲ್ ತಾಮ್ರ ಅಲ್ಲ, ಅಲ್ಯೂಮಿನಿಯಂ ಮ್ಯಾಲ ತಾಮ್ರದ ಲೇಪ. ಒಂದು ಎಳಿ ಬ್ಲೇಡಿಂದ ಕೆರೆದು ನೋಡ್ರಿ, ಒಳಗ ಬೆಳ್ಳಗ ಹೊಳದರ ವಾಪಸ್ ಕೊಡ್ರಿ. ಎರಡೂ ತುದಿಗೆ ಒಂದೇ ಕ್ರಮ: ಬಿಳಿ-ಕಿತ್ತಳಿ, ಕಿತ್ತಳಿ, ಬಿಳಿ-ಹಸರು, ನೀಲಿ, ಬಿಳಿ-ನೀಲಿ, ಹಸರು, ಬಿಳಿ-ಕಂದು, ಕಂದು. ಎಂಟೂ ಎಳಿ ಕೂಡಬೇಕು. ಒಂದು ಕೂಡಲಿಲ್ಲಂದ್ರ ಲೈಟ್ ಹತ್ತಿದರೂ ಗಿಗಾಬಿಟ್ ಬಿಟ್ಟು 100ಕ್ಕ ಇಳೀತದ. ಸ್ಟಿಕ್‌ಗೆ ಲ್ಯಾನ್ ಅಡಾಪ್ಟರ್ ಬ್ಯಾಡ, ಅದು ಹೆಂಗೂ 100 ಎಂಬಿಪಿಎಸ್‌ದು. ಕನ್ಸೋಲ್‌ಗೆ ಮಾತ್ರ ಕೇಬಲ್ ಕೊಡ್ರಿ.

ಈಗ ಕ್ರಿಕೆಟ್. ನಮ್ಮ ದೇಶದ ಟಿವಿ ಪ್ರಸಾರ 50 ಹರ್ಟ್ಸ್ ಪದ್ಧತಿ, ಲೈವ್ ಮ್ಯಾಚ್ ಸಾಮಾನ್ಯವಾಗಿ 50 ಫ್ರೇಮ್‌ನಾಗ ಬರ್ತದ. ಸ್ಟಿಕ್ 60 ಹರ್ಟ್ಸ್‌ಗೆ ಸೆಟ್ ಆಗಿರ್ತದ. 50ನ್ನ 60ರಾಗ ತುರುಕಲಿಕ್ಕೆ ಸೆಕೆಂಡಿಗೆ ಹತ್ತು ಫ್ರೇಮ್ ಎರಡೆರಡು ಸಲ ತೋರಿಸ್ತದ. ಕ್ಯಾಮೆರಾ ಚೆಂಡಿನ ಹಿಂದ ಬೌಂಡ್ರಿ ಕಡಿ ತಿರಗಿದಾಗ ಹುಲ್ಲು ಜಗ್ಗಿ ಜಗ್ಗಿ ಹೋದಂಗ ಕಾಣೋದು ಇದಕ್ಕ. ಮಂದಿ ಇಂಟರ್ನೆಟ್‌ಗೆ ಬೈತಾರ. ಡಿಸ್‌ಪ್ಲೇ ಸೆಟ್ಟಿಂಗ್‌ನಾಗ ‘ಮ್ಯಾಚ್ ಒರಿಜಿನಲ್ ಫ್ರೇಮ್ ರೇಟ್’ ಆನ್ ಮಾಡ್ರಿ. ಎಲ್ಲಾ ಆ್ಯಪ್ ಅದನ್ನ ಕೇಳಂಗಿಲ್ಲ. ಕೇಳಲಿಲ್ಲಂದ್ರ ಮ್ಯಾಚ್ ದಿನ ಕೈಯಿಂದ 2160ಪಿ 50 ಹರ್ಟ್ಸ್ ಆರಿಸ್ಕೋರಿ. ಆಪಲ್ ಟಿವಿಯೊಳಗ ಇದೇ ಕೆಲಸಕ್ಕ ‘ಮ್ಯಾಚ್ ಕಂಟೆಂಟ್’ ಅದ.

ಕನ್ಸೋಲ್ ಸಿಗಸಿದ ಮ್ಯಾಲ ಟಿವಿಯ ಆ ಪೋರ್ಟ್‌ಗೆ ಪೂರ್ತಿ ಬ್ಯಾಂಡ್‌ವಿಡ್ತ್ ತೆರೀಬೇಕು, ಬಹಳ ಟಿವಿಯೊಳಗ ಇದು ಮೊದಲಿಗೆ ಆಫ್ ಇರ್ತದ. ಎಲ್‌ಜಿಯೊಳಗ ‘ಡೀಪ್ ಕಲರ್’, ಸ್ಯಾಮ್‌ಸಂಗ್‌ನಾಗ ‘ಇನ್‌ಪುಟ್ ಸಿಗ್ನಲ್ ಪ್ಲಸ್’, ಸೋನಿಯೊಳಗ ‘ಎನ್‌ಹ್ಯಾನ್ಸ್ಡ್ ಫಾರ್ಮ್ಯಾಟ್’ ಅಂತ ಹೆಸರು. ಆಮ್ಯಾಲ ಎಕ್ಸ್‌ಬಾಕ್ಸ್‌ನ ‘4ಕೆ ಟಿವಿ ಡೀಟೇಲ್ಸ್’ ಪುಟದಾಗ ಯಾವುದಕ್ಕ ಹಸರು ಟಿಕ್ ಬಿದ್ದದ ನೋಡ್ರಿ. ಟಿವಿಯ ಗೇಮ್ ಮೋಡ್ (ಚಿತ್ರ ತಡ ಮಾಡದೇ ತೋರಿಸೋ ಸೆಟ್ಟಿಂಗ್) ಆನ್ ಮಾಡೋದು ಮರೀಬ್ಯಾಡ್ರಿ. ಇಲ್ಲಂದ್ರ ಬಟನ್ ಒತ್ತಿ ಅರೆಗಳಿಗಿ ಆದ ಮ್ಯಾಲ ಆಟಗಾರ ಚೆಂಡು ಒದೀತಾನ, ಹುಡುಗರು ಕಂಟ್ರೋಲರ್ ಕೆಟ್ಟದ ಅಂತಾರ.

ಇನ್ನ ಎರಡು ಡಬ್ಬಿ ಯಾಕ, ಎಕ್ಸ್‌ಬಾಕ್ಸ್‌ನಾಗೇ ನೆಟ್‌ಫ್ಲಿಕ್ಸ್, ಯೂಟ್ಯೂಬ್, ಪ್ರೈಮ್ ಅವ, ಡಾಲ್ಬಿ ವಿಷನ್‌ನೂ (ಬಣ್ಣ-ಬೆಳಕು ಸುಧಾರಿಸೋ ಪದ್ಧತಿ) ಕೊಡ್ತದ ಅಂತ ನನ್ನ ವಾದ. ಒಂದು ಎಚ್‌ಡಿಎಂಐ, ಒಂದು ಪ್ಲಗ್ ಉಳೀತದ.

ಫರಸಿ_ಕಲ್ಲು, ಶಹಾಬಾದ

ಭೀಮಾ ಅಣ್ಣಾ, ಕರೆಂಟ್ ಬಿಲ್ ನೋಡಿದರ ನಿಮ್ಮ ವಾದ ನಡೀತದ. ದಿನಕ್ಕ ಐದು ತಾಸು ಸೀರಿಯಲ್ ನೋಡಿದರ ತಿಂಗಳಿಗೆ 150 ತಾಸು. ಸ್ಟಿಕ್ 3–4 ವ್ಯಾಟ್, ಅರ್ಧ ಯೂನಿಟ್. ಸೀರೀಸ್ ಎಸ್ ಸುಮಾರು 30 ವ್ಯಾಟ್, ನಾಕೂವರಿ ಯೂನಿಟ್. ಪಿಎಸ್5 ಆದರ ಒಂಬತ್ತು ಹಿಡೀರಿ. ಇದು ದೊಡ್ಡ ಮಾತಲ್ಲ. ದೊಡ್ಡ ಮಾತು ಅಂದ್ರ ಅವ್ವನ ಕೈಯಾಗ ಗೇಮ್ ಕಂಟ್ರೋಲರ್ ಕೊಡೋದು, ಮತ್ತ ಸೀರಿಯಲ್‌ಗಾಗಿ ಕನ್ಸೋಲ್‌ನ ಫ್ಯಾನ್ ದಿನಾ ಐದು ತಾಸು ಧೂಳು ಜಗ್ಗೋದು. ಕನ್ನಡ ಚಾನೆಲ್‌ಗಳ ಆ್ಯಪ್ ಕನ್ಸೋಲ್ ಸ್ಟೋರ್‌ನಾಗ ಅವನೋ ಇಲ್ಲೋ ಅಂತ ಒಂದೊಂದಾಗಿ ಹುಡುಕಿ ನೋಡಿ ಆಮ್ಯಾಲ ಈ ದಾರಿ ಹಿಡೀರಿ.

ಕಾವು: ಪಿಎಸ್5ಗೆ ಕಂಪನಿ ಬರೆದ ಮಿತಿ 35 ಡಿಗ್ರಿ, ಆಪಲ್ ಟಿವಿಗೂ ಅಷ್ಟೇ. ನಮ್ಮ ಕಡಿ ಮೇದಾಗ ಹೊರಗ 42 ದಾಟ್ತದ, ಆರ್‌ಸಿಸಿ ಮಾಳಿಗಿ ಕೆಳಗಿನ ಪಡಸಾಲಿ ಸಂಜಿ ಏಳಕ್ಕೂ 36–37ಕ್ಕ ಇರ್ತದ. ಶೋಕೇಸ್ ಒಳಗ, ಗಾಜಿನ ಬಾಗಿಲ ಹಿಂದ ಇಟ್ಟರಂತೂ ಮುಗೀತು. ಸುತ್ತ 10 ಸೆಂಟಿಮೀಟರ್ ಖಾಲಿ ಬಿಟ್ಟು ಬಯಲಾಗೇ ಇಡ್ರಿ. ಗೋಡಿಯೊಳಗ ಫರಸಿ ಹಾಸಿದ ಮಾಡ ಇದ್ದರ ಛಲೋ, ಕಲ್ಲು ತಂಪು, ಅದುರಂಗಿಲ್ಲ. ಆದ್ರ ಮಾಡದ ಮುಂದ ಪರದೆ ಬ್ಯಾಡ, ಸೀರೀಸ್ ಎಸ್ ಮ್ಯಾಲಿನ ಕರಿ ವರ್ತುಲದ ಮ್ಯಾಲ ಕ್ರೋಶಾ ಹೊದಿಕಿನೂ ಬ್ಯಾಡ. ಬಿಸಿಗಾಳಿ ಹೊರಗ ಬರೋದು ಅಲ್ಲಿಂದನ.

ಕೂಲರ್ ಗಾಳಿಯ ನೇರಕ್ಕ ಇಡಬ್ಯಾಡ್ರಿ. ಬರೀ ಧೂಳಾದರ ಬ್ರಷ್‌ಗೆ ಬರ್ತದ. ತೇವ ಕೂಡಿದ ಧೂಳು ಫ್ಯಾನಿನ ಎಸಳಿಗೆ ಮೆತ್ತಿ ಒಣಗಿ ಕೂಡ್ತದ, ಆಮ್ಯಾಲ ಬಿಚ್ಚಿ ತೊಳೀಬೇಕು. ತೊಗರಿ ರಾಶಿ ಮಾಡೋ ದಿನದಾಗ ಎರಡು ವಾರಕ್ಕೊಮ್ಮೆ, ಉಳಿದಾಗ ತಿಂಗಳಿಗೊಮ್ಮೆ ವ್ಯಾಕ್ಯೂಮ್ ಹಿಡೀರಿ. ಬ್ಲೋವರ್‌ನಿಂದ ಊದಿದರ ಧೂಳು ಒಳಗ ಹೋಗಿ ಹೀಟ್‌ಸಿಂಕ್‌ನಾಗ ಕೂಡ್ತದ.

ಕರೆಂಟ್: ವೋಲ್ಟೇಜ್ 160ಕ್ಕ ಇಳದರ ಈ ಡಬ್ಬಿಗಳಿಗೆ ಏನೂ ಆಗಂಗಿಲ್ಲ, 100ರಿಂದ 240 ವೋಲ್ಟ್ ತನಕ ನಡೀತಾವ. ಸ್ಟೆಬಿಲೈಸರ್ ದಂಡ. ಹೊಡೆತ ಬೀಳೋದು ಕರೆಂಟ್ ವಾಪಸ್ ಬಂದ ಕ್ಷಣದಾಗ, ಮತ್ತ ಕಂಬದ ಮ್ಯಾಲ ನ್ಯೂಟ್ರಲ್ ಸಡಲಾದಾಗ. ನ್ಯೂಟ್ರಲ್ ಬಿಟ್ಟರ ನಿಮ್ಮ 230ರ ಜಾಗಕ್ಕ 400ರ ಹತ್ತಿರ ಬರಬಹುದು. ಸ್ಪೈಕ್ ಗಾರ್ಡ್‌ನಾಗಿರೋ ಎಂಒವಿ (ಹೆಚ್ಚಿನ ವೋಲ್ಟೇಜ್ ಹೀರೋ ಬಿಡಿಭಾಗ) ಮಿಂಚಿನಂಗ ಬರೋ ಸ್ಪೈಕ್ ತಡೀತದ, ನಿಂತು ಬರೋ 400ನ್ನ ತಡಿಯಂಗಿಲ್ಲ, ತಾನೂ ಸುಡ್ತದ. ಹೈ-ಲೋ ಕಟ್‌ಆಫ್ ಇರೋ ವೋಲ್ಟೇಜ್ ಪ್ರೊಟೆಕ್ಟರ್ ಟಿವಿ ಪಾಯಿಂಟ್‌ಗೆ ಹಾಕಸ್ರಿ, ಅದು ದಾಟಿದ ಮ್ಯಾಲ ಸ್ಪೈಕ್ ಗಾರ್ಡ್.

ಇನ್ವರ್ಟರ್ ಸೈನ್ ವೇವ್‌ದು ಇರಲಿ, ಹಿಂದಿನ ಸ್ವಿಚ್ ‘ಯುಪಿಎಸ್’ ಕಡಿ ಇರಲಿ. ಇನ್ನೊಂದು ಮೋಡ್‌ನಾಗ ಕರೆಂಟ್‌ನಿಂದ ಬ್ಯಾಟರಿಗೆ ಬದಲಾಗಲಿಕ್ಕೆ ಹೆಚ್ಚು ಹೊತ್ತು ಹಿಡೀತದ, ಅಷ್ಟರಾಗ ಕನ್ಸೋಲ್ ಆಫ್. ಗೇಮ್ ಸೇವ್ ಆಗೋ ಹೊತ್ತಿಗೇ ಹಂಗಾದರ ಫೈಲ್ ಕೆಡಬಹುದು. ಎಕ್ಸ್‌ಬಾಕ್ಸ್‌ನ ಪವರ್ ಆಪ್ಷನ್‌ನಾಗ ‘ಸ್ಲೀಪ್’ ಬ್ಯಾಡ, ‘ಶಟ್‌ಡೌನ್’ ಆರಿಸ್ರಿ. ರೌಟರ್‌ಗೆ 12 ವೋಲ್ಟ್‌ನ ಮಿನಿ ಯುಪಿಎಸ್ ಹಾಕ್ರಿ, ಮೊದಲ ಅಡಾಪ್ಟರ್ ಮ್ಯಾಲ ಎಷ್ಟು ಆಂಪಿಯರ್ ಬರದಾರ ಓದಿ.

ಕಡೀಕ, ಅರ್ಥಿಂಗ್. ಎಚ್‌ಡಿಎಂಐ ತುದಿ ಮುಟ್ಟಿದಾಗ ಬೆರಳಿಗೆ ಝುಂ ಅಂದರ ಅರ್ಥ್ ಇಲ್ಲದೇ ಇರಬಹುದು ಅಂತ ತಿಳೀರಿ. ಅಂಥಾದ್ದರಾಗ ಎಲ್ಲಾ ಆನ್ ಇಟ್ಟು ಕೇಬಲ್ ಹಾಕಿ ತೆಗೆದು ಮಾಡಿದರ ಎಚ್‌ಡಿಎಂಐ ಚಿಪ್ ಸುಡಬಹುದು. ಎರಡೂ ಕಡಿ ಸ್ವಿಚ್ ಬಂದ್ ಮಾಡಿನೇ ಸಿಗಸ್ರಿ. ಎರಿ ಮಣ್ಣು ಬ್ಯಾಸಗಿಯೊಳಗ ಬಿರದು ಅರ್ಥ್ ಗುಂಡಿ ಒಣಗ್ತದ, ಫೆಬ್ರವರಿಯಿಂದ ವಾರಕ್ಕ ಎರಡು ಕೊಡ ನೀರು ಹಾಕ್ರಿ. ಮಲ್ಟಿಮೀಟರ್‌ನಾಗ ನ್ಯೂಟ್ರಲ್‌ಗೂ ಅರ್ಥ್‌ಗೂ ನಡುವ 5 ವೋಲ್ಟ್ ದಾಟಿದರ ಎಲೆಕ್ಟ್ರಿಷಿಯನ್‌ನ ಕರೀರಿ.

ತೊಗರಿ_ಪ್ಲೇಯರ್, ಕಲಬುರಗಿ

ಭಾಳ ಉಪಕಾರ ಆತ್ರಿ ಎಲ್ಲಾರಿಂದ. ಸ್ಟಿಕ್ ಮತ್ತ ಸೀರೀಸ್ ಎಸ್ ಅಂತ ಗಟ್ಟಿ ಮಾಡೀನಿ. ಎರಡು ಪ್ರಶ್ನಿ ಉಳದಾವ. ಸೀರೀಸ್ ಎಸ್ ಸೆಕೆಂಡ್ ಹ್ಯಾಂಡ್ ಸಿಕ್ಕರ ಏನೇನು ನೋಡಬೇಕು? ಸೌಂಡ್‌ಬಾರ್‌ನಾಗ ಆವಾಜ್ ಹಿಂದ ಬಿದ್ದರ ಏನು ಮಾಡಬೇಕು?

ಬಿದರಿ_ಕಪ್ಪು, ಬೀದರ

ಭಾರಿ ಗೇಮ್ ಒಂದು ಇಪ್ಪತ್ತು ನಿಮಿಷ ಓಡಸ್ರಿ. ತಾನಾಗೇ ಬಂದ್ ಆದರ ಇಲ್ಲಾ ಫ್ಯಾನ್ ಗೊರ ಗೊರ ಅಂದರ ಬಿಡ್ರಿ. ಎಚ್‌ಡಿಎಂಐ ಪೋರ್ಟ್‌ನಾಗ ಟಾರ್ಚ್ ಬಿಟ್ಟು ಪಿನ್ ಸೊಟ್ಟ ಆಗ್ಯಾವೇನು ನೋಡ್ರಿ, ಕೇಬಲ್ ಜರಾ ಅಲುಗಾಡಿಸಿದರ ಚಿತ್ರ ಹೋಗಬಾರದು. ನಿಮ್ಮ ಅಕೌಂಟ್ ಹಾಕಿ ಆನ್‌ಲೈನ್ ಗೇಮ್ ಒಂದು ತೆರೀರಿ, ಬ್ಯಾನ್ ಆದ ಕನ್ಸೋಲ್ ಇದ್ದರ ಅಲ್ಲೇ ತಿಳೀತದ. ಮಾರೋರ ಅಕೌಂಟ್ ನಿಮ್ಮ ಕಣ್ಣ ಮುಂದ ತೆಗಿಸಿ ರಿಸೆಟ್ ಮಾಡಸ್ರಿ. ಬಿಚ್ಚಿದ್ದರ ಹಿಂದಿನ ಸ್ಟಿಕ್ಕರ್ ಎದ್ದಿರ್ತದ.

ಆವಾಜ್‌ಗೆ, ಮೊದಲ ಕನ್ಸೋಲ್‌ನಾಗ ಆಡಿಯೊ ‘ಸ್ಟೀರಿಯೊ ಅನ್‌ಕಂಪ್ರೆಸ್ಡ್’ ಮಾಡ್ರಿ. ಡಾಲ್ಬಿ ಡಿಜಿಟಲ್ ಇಟ್ಟರ ಕನ್ಸೋಲ್ ಅದನ್ನ ಕಟ್ಟಿ ಕಳಸಬೇಕು, ಸೌಂಡ್‌ಬಾರ್ ಬಿಚ್ಚಬೇಕು, ತಡ ಆಗೋದು ಅಲ್ಲೇ. ಸಾದಾ ಎಆರ್‌ಸಿಯೊಳಗ ಹಂಗ ಕಟ್ಟದ (ಅನ್‌ಕಂಪ್ರೆಸ್ಡ್) 5.1 ಸರೌಂಡ್ ಆವಾಜ್ ಹೆಂಗೂ ಹೋಗಂಗಿಲ್ಲ. ಇಷ್ಟಾದರೂ ಹಿಂದ ಬಿದ್ದರ ಟಿವಿಯ ‘ಎವಿ ಸಿಂಕ್’ (ಆವಾಜ್ ಎಷ್ಟು ತಡ ಮಾಡಬೇಕು ಅನ್ನೋ ಸೆಟ್ಟಿಂಗ್) ಸೊನ್ನಿಗೆ ತರ್ರಿ. ಸೌಂಡ್‌ಬಾರ್ ಬ್ಲೂಟೂತ್‌ಗೆ ಸಿಗಸಿದ್ದರ ತೆಗೆದು ಎಚ್‌ಡಿಎಂಐಗೆ ಹಾಕ್ರಿ. ಬ್ಲೂಟೂತ್‌ನಾಗ ಗೇಮ್ ಆವಾಜ್ ಎಂದೂ ಬರೋಬ್ಬರಿ ಕೂಡಂಗಿಲ್ಲ.