ಜವ್ಹಾರದ ಪಾಡಾಗೆ ಬೋರ್‌ವೆಲ್ ಕೊರೆಸುವುದಾ, ಬೇರೆ ಏನಾದರೂ ಮಾಡುವುದಾ?

ಡೊಂಬಿವಲಿ ಹುಡುಗ:
ನಮಸ್ಕಾರ ಎಲ್ಲರಿಗೂ. ನಮ್ಮ ಗೆಳೆಯರ ಗುಂಪಿನಲ್ಲಿ ಗಣೇಶ ಹಬ್ಬದ ದುಡ್ಡು ಸ್ವಲ್ಪ ಉಳಿದಿದೆ. ಇನ್ನೊಂದಿಷ್ಟು ವಂತಿಗೆ ಎತ್ತಿ, ಮಹಾರಾಷ್ಟ್ರದ ಪಾಲ್ಘರ್ ಜಿಲ್ಲೆಯ ಜವ್ಹಾರ್ ಕಡೆ ವಾರ್ಲಿ ಆದಿವಾಸಿಗಳ ಒಂದು ಪಾಡಾಗೆ, ಅಂದರೆ ಪುಟ್ಟ ಹಾಡಿಗೆ, ನೀರಿನ ವ್ಯವಸ್ಥೆ ಮಾಡಬೇಕು ಅಂತಿದ್ದೇವೆ. ಮಳೆಗಾಲದಲ್ಲಿ ಆ ಕಡೆ ಜಲಪಾತ, ಮಂಜು, ಸೆಲ್ಫಿ ತೆಗೆಯುವವರ ಜಾತ್ರೆ. ಏಪ್ರಿಲ್‌ನಲ್ಲಿ ನೋಡಿದರೆ ಅದೇ ಊರಿನ ಹೆಂಗಸರು ಬಾವಿಯ ತಳಕ್ಕೆ ಇಳಿದು ಬಟ್ಟಲಲ್ಲಿ ನೀರು ಮೊಗೆದು ಕೊಡ ತುಂಬಿಸುತ್ತಿರುತ್ತಾರೆ. ನಮ್ಮಲ್ಲಿ ಅರ್ಧ ಜನಕ್ಕೆ ಬೋರ್‌ವೆಲ್ಲೇ ಬೇಕು, ಹೆಸರಿನ ಬೋರ್ಡ್ ಹಾಕಬಹುದಲ್ವಾ! ಆದರೆ ಪಕ್ಕದ ಪಾಡಾದಲ್ಲಿ ಯಾರೋ ಹಾಕಿಸಿಕೊಟ್ಟ ಕೈಪಂಪಿಗೆ ಈಗ ಆಡು ಕಟ್ಟುತ್ತಾರೆ. ಅಷ್ಟು ಮಳೆ ಬೀಳುವ ಜಾಗದಲ್ಲಿ ಬೋರ್ ಬತ್ತುವುದು ಹೇಗೆ?

ಮುಲುಂಡ್ ಭಟ್ರು:
ಅಲ್ಲಿ ವರ್ಷಕ್ಕೆ 2500 ಮಿ.ಮೀ.ಗಿಂತ ಜಾಸ್ತಿ ಮಳೆ ಬೀಳುತ್ತದೆ ಮಾರಾಯ್ರೇ, ಅದೂ ನಾಲ್ಕೇ ತಿಂಗಳಲ್ಲಿ. ಆದರೆ ಕೆಳಗಿರುವುದು ಗಟ್ಟಿ ಕಪ್ಪು ಕಲ್ಲು, ಬಸಾಲ್ಟ್. ಮೇಲಿನ ಸವೆದ ಪದರದಲ್ಲಿ, ಬಿರುಕುಗಳಲ್ಲಿ ನಿಂತಷ್ಟೇ ನೀರು. ಮಿಕ್ಕಿದ್ದೆಲ್ಲ ಇಳಿಜಾರು ಹಿಡಿದು ಹೊಳೆಗೆ. ಬಿರುಕು ಸಿಗದಿದ್ದರೆ ಎಷ್ಟು ಆಳ ಕೊರೆದರೂ ಧೂಳೇ ಬರುವುದು. ಸುಮ್ನೆ ದುಡ್ಡು ಹಾಳು. ಮೊದಲು ಊರಿನ ಅಜ್ಜಿಯರನ್ನು ಕೇಳಿ, ಯಾವ ಒರತೆ ಯಾವ ತಿಂಗಳ ತನಕ ಜಿನುಗುತ್ತದೆ ಅಂತ. ಆ ಒರತೆಯನ್ನು ಶುಚಿ ಮಾಡಿ, ಸುತ್ತ ಕಟ್ಟೆ ಕಟ್ಟಿ, ಅದರ ಮೇಲಿನ ಗುಡ್ಡದಲ್ಲಿ ಸಮಪಾತಳಿ ಕಂದಕ, ಅಂದರೆ ಇಳಿಜಾರಿಗೆ ಅಡ್ಡಲಾಗಿ ಒಂದೇ ಮಟ್ಟದಲ್ಲಿ ಸಾಗುವ ಕಾಲುವೆ, ತೋಡಿಸಿ. ಹಳ್ಳಕ್ಕೆ ವನರಾಯಿ ಬಂಧಾರಾ ಹಾಕಿಸಿ. ಖಾಲಿ ಸಿಮೆಂಟ್ ಚೀಲಕ್ಕೆ ಮಣ್ಣು ಮರಳು ತುಂಬಿ ಅಡ್ಡ ಪೇರಿಸುವುದು, ನಮ್ಮ ದಕ್ಷಿಣ ಕನ್ನಡದವರ ಕಟ್ಟದ ತರಹವೇ. ಮಳೆ ನಿಂತು ಹರಿವು ಇನ್ನೂ ಇರುವಾಗಲೇ ಹಾಕಬೇಕು. ಜನವರಿಯಲ್ಲಿ ಹೋಗಿ ಹಾಕಿದರೆ ನಿಲ್ಲಿಸಲಿಕ್ಕೆ ನೀರೇ ಇರುವುದಿಲ್ಲ.

ಕೋಥರೂಡ್ ಪಾಟೀಲ:
ಭಟ್ರು ಹೇಳಿದ್ದು ಸರಿ, ಆದರೆ ನೀರು ನಿಂತ ಮೇಲೆ ಅದು ಯಾರದ್ದು? ಜಗಳ ಅಲ್ಲೇ ಶುರು. ಪುಣೆ ಜಿಲ್ಲೆಯ ಪುರಂದರ ತಾಲೂಕಿನಲ್ಲಿ ವಿಲಾಸರಾವ್ ಸಾಳುಂಖೆ ಅಂತ ಒಬ್ಬ ಇಂಜಿನಿಯರ್ ಇದ್ದರು. 1972ರ ಬರ ನೋಡಿ, ನಾಯಗಾವ್‌ನಲ್ಲಿ ಪಾಣಿ ಪಂಚಾಯತ್, ಅಂದರೆ ರೈತರೇ ಸೇರಿ ನೀರು ಹಂಚಿಕೊಳ್ಳುವ ವ್ಯವಸ್ಥೆ, ಶುರು ಮಾಡಿದರು. ಅದು ಆದಿವಾಸಿ ಊರಲ್ಲ, ಮಳೆಯೂ ಕಡಿಮೆ, ಆದರೆ ಅಲ್ಲಿಯ ಕಟ್ಟಳೆ ನೋಡಬೇಕು. ನೀರು ಜಮೀನಿನ ಲೆಕ್ಕದಲ್ಲಿ ಅಲ್ಲ, ತಲೆಯ ಲೆಕ್ಕದಲ್ಲಿ. ಒಬ್ಬರಿಗೆ ಅರ್ಧ ಎಕರೆಗೆ ಹಾಯಿಸುವಷ್ಟು ನೀರು, ಒಂದು ಮನೆಗೆ ಹೆಚ್ಚೆಂದರೆ ಎರಡೂವರೆ ಎಕರೆಗೆ. ಜಮೀನೇ ಇಲ್ಲದವನಿಗೂ ಪಾಲು. ಕಬ್ಬು ಹಾಕುವಂತಿಲ್ಲ. ಖರ್ಚಿನಲ್ಲಿ ನೂರಕ್ಕೆ ಇಪ್ಪತ್ತು ರೈತರೇ ಹಾಕಬೇಕು. ಪೂರ್ತಿ ಪುಕ್ಕಟೆ ಕೊಟ್ಟ ಪಂಪಿನ ವಾಷರ್ ಹೋದರೆ ದಾನ ಕೊಟ್ಟವರಿಗೆ ಫೋನ್ ಬರುತ್ತದೆ, ನೀವು ಡೊಂಬಿವಲಿಯಿಂದ ವಾಷರ್ ಹಿಡಿದುಕೊಂಡು ಹೋಗುತ್ತೀರಾ? ಪಾಡಾದ ಜನ ದುಡ್ಡು ಹಾಕಲಾಗದಿದ್ದರೆ ಶ್ರಮದಾನ ಮಾಡಲಿ, ತಿಂಗಳಿಗೆ ಮನೆಗಿಷ್ಟು ಅಂತ ರಿಪೇರಿಗೆ ಎತ್ತಿಡಲಿ. ಇಷ್ಟು ತೀರ್ಮಾನ ಆದ ಮೇಲೆ ಪೈಪ್ ತನ್ನಿ.

ಥಾಣೆ ಶೆಟ್ಟಿ:
ಒಂದು ಮಾತು ಯಾರೂ ಎತ್ತಲಿಲ್ಲ. ಬೇಸಿಗೆಯಲ್ಲಿ ಪಾಡಾದಲ್ಲಿ ಇರುವವರು ಯಾರು? ಭತ್ತ, ರಾಗಿ, ವರಯಿ ಅನ್ನುವ ಕಿರುಧಾನ್ಯ ಇವುಗಳ ಕೊಯ್ಲು ಮುಗಿದು ದೀಪಾವಳಿ ಕಳೆದರೆ ಸಾಕು, ಗಂಡ ಹೆಂಡತಿ ಮಕ್ಕಳು ಸಮೇತ ಭಿವಂಡಿ, ವಸಈ ಕಡೆ ಇಟ್ಟಿಗೆ ಭಟ್ಟಿಗೆ ಹೋಗುತ್ತಾರೆ. ಮಕ್ಕಳ ಶಾಲೆ ಅಲ್ಲಿಗೆ ಮುಗಿಯಿತು. ಕುಡಿಯುವ ನೀರು ಕೊಟ್ಟರೆ ಕೊಡ ಹೊರುವ ಕಷ್ಟ ತಪ್ಪುತ್ತದೆ, ದೊಡ್ಡ ಕೆಲಸವೇ, ಆದರೆ ಕೂಲಿಗೆ ಹೋಗುವುದು ತಪ್ಪುವುದಿಲ್ಲ. ಜವ್ಹಾರ್, ವಿಕ್ರಮಗಡದ ಕಡೆ ಮಲ್ಲಿಗೆ ಬೆಳೆಯುವವರಿದ್ದಾರೆ, ಅಲ್ಲಿ ಮೊಗ್ರಾ ಅಂತಾರೆ. ಸ್ವಲ್ಪ ಜಾಗ, ಸ್ವಲ್ಪ ನೀರು ಸಾಕು. ಬೆಳಗ್ಗೆ ಬೇಗ ಎದ್ದು ಮೊಗ್ಗು ಬಿರಿಯುವ ಮೊದಲೇ ಕಿತ್ತು, ಎಲ್ಲ ಮನೆಯದ್ದೂ ಒಟ್ಟು ಮಾಡಿ ದಾದರ್ ಹೂವಿನ ಮಾರ್ಕೆಟ್‌ಗೆ ಕಳಿಸಬೇಕು. ಸಾಗಿಸುವುದಕ್ಕೆ ಜನ ಗೊತ್ತು ಮಾಡದಿದ್ದರೆ ಮಧ್ಯಾಹ್ನಕ್ಕೆ ಹೂವು ಬಾಡಿ ಹೋಯಿತು ಅಂತಲೇ. ಇನ್ನೊಂದು, ಪುಣೆಯ ಬಾಯ್ಫ್ (BAIF) ಅನ್ನುವ ಗ್ರಾಮೀಣ ಅಭಿವೃದ್ಧಿ ಸಂಸ್ಥೆ 1982ರಲ್ಲಿ ಗುಜರಾತಿನ ವಾಂಸದಾದಲ್ಲಿ ಶುರು ಮಾಡಿದ ವಾಡಿ ಪದ್ಧತಿ. ಒಂದೆಕರೆಯಲ್ಲಿ ಕಸಿ ಮಾವು, ಗೇರು, ನಡುವೆ ತರಕಾರಿ. ಮಾವು ಫಸಲಿಗೆ ಬರುವ ತನಕ ಕೆಲವು ವರ್ಷ ಕಾಯಬೇಕು, ಆವರೆಗೆ ಹೊಟ್ಟೆಗೆ ತರಕಾರಿಯೇ ಗತಿ. ಆದ್ದರಿಂದ ನಿಮ್ಮ ದುಡ್ಡಿನಲ್ಲಿ ಒಂದು ಪಾಲು ಸೋಲಾರ್ ಪಂಪಿಗೆ ಇಡಿ, ಹಳ್ಳದ ನೀರು ಮೇಲಿನ ಹೊಲಕ್ಕೆ ಏರಲಿ.

ಇನ್ನು, ಮುಂಬೈಗೆ ನೀರು ಕೊಡುವ ಮೋಡಕ್ ಸಾಗರ, ಮಧ್ಯ ವೈತರಣಾ ಜಲಾಶಯ ಎಲ್ಲ ಅದೇ ಕಡೆಯವು. ಮುಂಬೈ ನಲ್ಲಿಯಲ್ಲಿ ಬರುವುದು ಅವರ ಗುಡ್ಡದ ನೀರೇ. ದಾನ ಗೀನ ಅನ್ನುವ ಮಾತು ಸ್ವಲ್ಪ ಕಡಿಮೆ ಮಾಡೋಣ.

ಡೊಂಬಿವಲಿ ಹುಡುಗ:
ಬೋರ್ಡಿನ ಆಸೆ ಬಿಡಿಸುವುದು ನನ್ನ ಜವಾಬ್ದಾರಿ ಶೆಟ್ರೇ. ಒರತೆ ಇರುವುದು ಅರಣ್ಯ ಇಲಾಖೆ ಜಾಗದಲ್ಲಿ ಅಂತಾರೆ. ಅಲ್ಲಿ ಟ್ಯಾಂಕ್ ಕಟ್ಟಲು ಬಿಡುತ್ತಾರಾ?

ಕೋಥರೂಡ್ ಪಾಟೀಲ:
ದಾರಿ ಇದೆ ತಮ್ಮಾ. 2006ರ ಅರಣ್ಯ ಹಕ್ಕು ಕಾಯ್ದೆಯ 3(2) ಕಲಂ ನೋಡು. ಸರ್ಕಾರ ನಿರ್ವಹಿಸುವ ನೀರಿನ ಟ್ಯಾಂಕ್, ಪೈಪ್‌ಲೈನ್, ಮಳೆನೀರು ಹಿಡಿಯುವ ಕಟ್ಟಡ ಇಂಥವಕ್ಕೆ ಒಂದೊಂದಕ್ಕೂ ಒಂದು ಹೆಕ್ಟೇರ್‌ಗಿಂತ ಕಡಿಮೆ ಅರಣ್ಯ ಜಾಗ ಕೊಡಬಹುದು. ಹೆಕ್ಟೇರಿಗೆ 75ಕ್ಕಿಂತ ಜಾಸ್ತಿ ಮರ ಕಡಿಯುವಂತಿಲ್ಲ. ಗ್ರಾಮಸಭೆಯ ಶಿಫಾರಸು ಕಡ್ಡಾಯ. ಅರ್ಜಿ ನಿಮ್ಮ ಗುಂಪಿನ ಲೆಟರ್‌ಹೆಡ್‌ನಲ್ಲಿ ಹಾಕಬೇಡಿ, ಪಾಡಾದವರೇ ಗ್ರಾಮಸಭೆಯಲ್ಲಿ ಠರಾವು ಮಾಡಿ ಕೊಡಲಿ. ಸಭೆಗೆ ಹೆಂಗಸರು ಬರಲೇಬೇಕು, ಟ್ಯಾಂಕ್ ಎಲ್ಲಿ ಇರಬೇಕು ಅನ್ನುವುದು ಕೊಡ ಹೊರುವವರಿಗೇ ಗೊತ್ತು.