ಗ್ಯಾಡೋಲಿನಿಯಮ್ ಡೈಅಲ್ಯುಮಿನೈಡ್: ಇಎಸ್‌ಆರ್ (ಎಲೆಕ್ಟ್ರಾನ್ ಸ್ಪಿನ್ ಅನುರಣನ) ಗೆರೆ ಓರೆಯಾಗಿ ಬರುತ್ತಿದೆ

ಪ್ರಶ್ನೆ: ಎಕ್ಸ್-ಬ್ಯಾಂಡ್, 9.4 ಗಿಗಾಹರ್ಟ್ಸ್, ಕೋಣೆಯ ತಾಪಮಾನ. ಮಾದರಿ 2 ಮಿ.ಮೀ. ತುಂಡು. ಡೆರಿವೇಟಿವ್ (ಕ್ಷೇತ್ರದೊಂದಿಗೆ ಹೀರಿಕೆ ಬದಲಾಗುವ ದರದ) ಗೆರೆಯ ಒಂದು ಶೃಂಗ ಇನ್ನೊಂದರ ಎರಡೂವರೆ ಪಟ್ಟು ಎತ್ತರ. ಸೊನ್ನೆ ದಾಟುವ ಜಾಗದಿಂದ ಲೆಕ್ಕ ಹಾಕಿದ ಜಿ-ಮೌಲ್ಯ (ಆವರ್ತನಕ್ಕೆ ಯಾವ ಕ್ಷೇತ್ರದಲ್ಲಿ ಅನುರಣನ ಎಂದು ಹೇಳುವ ಸಂಖ್ಯೆ) ನಂಬಬಹುದೇ?

ಉತ್ತರ 1: ನಂಬಬೇಡಿ. ಇದು ಡೈಸನ್ ಆಕಾರ (ಲೋಹಗಳಲ್ಲಿ ಕಾಣುವ ಓರೆ ಗೆರೆ), ಉಪಕರಣದ ದೋಷವಲ್ಲ. ನಿರೋಧಕತೆ 50 ಮೈಕ್ರೋಓಮ್-ಸೆಂ.ಮೀ. ಎಂದುಕೊಂಡರೆ ಈ ಆವರ್ತನದಲ್ಲಿ ಸ್ಕಿನ್ ಡೆಪ್ತ್ (ಮೈಕ್ರೋವೇವ್ ಲೋಹದೊಳಗೆ ಇಳಿಯುವ ಆಳ) ಸುಮಾರು 3.7 ಮೈಕ್ರಾನ್ ಮಾತ್ರ. ಆ ಪದರದಲ್ಲಿ ಹೀರಿಕೆಯ ಜೊತೆ ಡಿಸ್ಪರ್ಷನ್ (ಅಲೆಯ ಹಂತ ಬದಲಿಸುವ ಪ್ರತಿಕ್ರಿಯೆ) ಬೆರೆಯುತ್ತದೆ. ಫಿಟ್‌ನಲ್ಲಿ ಡಿಸ್ಪರ್ಷನ್ ಪಾಲಿಗೆ 0ಯಿಂದ 1ರವರೆಗಿನ ಆಲ್ಫಾ ಎಂಬ ಗುಣಾಂಕ ಸೇರಿಸಿ. ಗೆರೆಯ ಅಗಲ ಅನುರಣನ ಕ್ಷೇತ್ರಕ್ಕೆ (ಜಿ=2ಕ್ಕೆ ಸುಮಾರು 336 ಮಿಲಿಟೆಸ್ಲಾ) ಹೋಲಿಸಿದರೆ ಚಿಕ್ಕದಲ್ಲದಿದ್ದರೆ ಋಣ ಕ್ಷೇತ್ರದ ಪದವನ್ನೂ (ವಿರುದ್ಧ ದಿಕ್ಕಿನ ಕ್ಷೇತ್ರದಲ್ಲಿನ ಅನುರಣನದ ಬಾಲ) ಸೇರಿಸಲೇಬೇಕು; ಅದನ್ನು ಬಿಟ್ಟರೆ ಜಿ ಸದ್ದಿಲ್ಲದೆ ತಪ್ಪುತ್ತದೆ.

ಉತ್ತರ 2: ಪುಡಿ ಮಾಡಿದರೆ ಸರಿಹೋಗುತ್ತದೆ ಎಂದು ಹಲವರು 38 ಮೈಕ್ರಾನ್ ಜರಡಿಗೇ ನಿಲ್ಲಿಸುತ್ತಾರೆ. ಅದು ಸ್ಕಿನ್ ಡೆಪ್ತ್‌ನ ಹತ್ತು ಪಟ್ಟು, ಓರೆ ಉಳಿಯುತ್ತದೆ. ಆರ್ಗಾನ್‌ನಲ್ಲಿ ಅರೆಯಿರಿ, ಇಲ್ಲದಿದ್ದರೆ ಆಕ್ಸೈಡ್‌ನ ಅಗಲವಾದ ಗೆರೆ ಜಿ=2ರ ಬಳಿಯೇ ಬೆರೆಯುತ್ತದೆ. ಕಣಗಳು ಒಂದಕ್ಕೊಂದು ತಾಗದಂತೆ ಪ್ಯಾರಾಫಿನ್‌ನಲ್ಲಿ ಹರಡಿ ಗಟ್ಟಿಮಾಡಿ. ತಂಪು ಮಾಡುವಾಗ ಅವು ಕ್ಷೇತ್ರದ ಕಡೆ ತಿರುಗುವುದೂ ತಪ್ಪುತ್ತದೆ.

ಉತ್ತರ 3: ಒಂದು ಎಚ್ಚರಿಕೆ. ಈ ಸಂಯುಕ್ತ ಸುಮಾರು 170 ಕೆಲ್ವಿನ್‌ನಲ್ಲಿ ಫೆರೋಮ್ಯಾಗ್ನೆಟ್ ಆಗುತ್ತದೆ. ಅದರ ಹತ್ತಿರ ಡಿಮ್ಯಾಗ್ನೆಟೈಸಿಂಗ್ ಕ್ಷೇತ್ರವೇ (ಮಾದರಿಯ ಕಾಂತತ್ವ ಒಳಗೆ ಹುಟ್ಟಿಸುವ ಎದುರು ಕ್ಷೇತ್ರ) ಗೆರೆಯನ್ನು ಸರಿಸುತ್ತದೆ, ಅಗಲಿಸುತ್ತದೆ. ಕೊರಿಂಗಾ ಇಳಿಜಾರನ್ನು (ತಾಪಮಾನ ಏರಿದಂತೆ ಗೆರೆ ಅಗಲವಾಗುವ ದರ) ಅದಕ್ಕಿಂತ ಸಾಕಷ್ಟು ಮೇಲಿನ ತಾಪಮಾನದಲ್ಲಷ್ಟೇ ಅಳೆಯಿರಿ. ಅಲ್ಲಿಯೂ ಗ್ಯಾಡೋಲಿನಿಯಮ್ ದಟ್ಟವಾಗಿರುವುದರಿಂದ ಬಾಟಲ್‌ನೆಕ್ (ವಾಹಕ ಎಲೆಕ್ಟ್ರಾನ್‌ಗಳು ಪಡೆದ ಸ್ಪಿನ್ ಜಾಲಕಕ್ಕೆ ಸಾಗದೆ ಗ್ಯಾಡೋಲಿನಿಯಮ್‌ಗೇ ಮರಳುವುದು) ಇರುತ್ತದೆ: ಇಳಿಜಾರು ಕುಗ್ಗಿ ಕಾಣುತ್ತದೆ, ಅದರಿಂದ ನೇರವಾಗಿ ವಿನಿಮಯ ಸ್ಥಿರಾಂಕ (ಗ್ಯಾಡೋಲಿನಿಯಮ್ ಮತ್ತು ವಾಹಕ ಎಲೆಕ್ಟ್ರಾನ್‌ಗಳ ಸ್ಪಿನ್ ಜೋಡಣೆಯ ಬಲ) ತೆಗೆಯಬಾರದು.